ಬಾಲನ್ಯಾಯ ಮಂಡಳಿ ಮುಂದೆ ಹುಡುಗನಿಗೆ ವಕೀಲರು ಬೇಕೇ?

ಪ್ರಶ್ನೆ: ನನ್ನ ಅಕ್ಕನ ಮಗನಿಗೆ 17 ವರ್ಷ. ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲ್ ಕದ್ದ ಆರೋಪ ಬಂದಿದೆ. "ಮಕ್ಕಳಿಗೆ ಶಿಕ್ಷೆ ಇಲ್ಲ, ಒಪ್ಪಿಕೊಂಡರೆ ಬೇಗ ಮುಗಿಯುತ್ತದೆ, ವಕೀಲರಿಗೆ ದುಡ್ಡು ಯಾಕೆ?" ಎನ್ನುತ್ತಾರೆ ನೆಂಟರು. ನಿಜವೇ?

ಉತ್ತರ: ಅಲ್ಲ. ದಯವಿಟ್ಟು ಆ ಮಾತು ಕೇಳಬೇಡಿ. ಜೈಲು ಇಲ್ಲ ಎಂಬುದು ಸರಿ. ಆದರೆ ತಪ್ಪು ಸಾಬೀತಾದರೆ 2015ರ ಬಾಲನ್ಯಾಯ ಕಾಯ್ದೆಯಡಿ ಗರಿಷ್ಠ 3 ವರ್ಷ ವಿಶೇಷ ಗೃಹದಲ್ಲಿ (ತಪ್ಪು ಸಾಬೀತಾದ ಮಕ್ಕಳ ಸುಧಾರಣಾ ಕೇಂದ್ರ) ಇರಿಸಲು ಮಂಡಳಿಗೆ ಅಧಿಕಾರವಿದೆ. ಗಾಬರಿಯಿಂದ ಹೇಳಿದ ಒಂದು "ಹೌದು" ಆ ದಾರಿಗೆ ತಳ್ಳಬಹುದು.

ದುಡ್ಡಿನ ಚಿಂತೆಯೂ ಬೇಡ. ಮಕ್ಕಳಿಗೆ ಉಚಿತ ವಕೀಲರ ನೆರವು ಹಕ್ಕು. ಆದಾಯ ಪ್ರಮಾಣಪತ್ರ ಕೇಳುವಂತಿಲ್ಲ. ಉಡುಪಿ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಡಿ, ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಕುಂದಾಪುರ, ಕಾರ್ಕಳದವರಿಗೆ ಅಲ್ಲಿನ ತಾಲೂಕು ಕಾನೂನು ಸೇವೆಗಳ ಸಮಿತಿಯೇ ಸಾಕು.

ವಕೀಲರು ಮೊದಲ ದಿನವೇ ಬರಬೇಕು. ಪೊಲೀಸರು ಹುಡುಗನನ್ನು ಲಾಕಪ್‌ನಲ್ಲಿ ಇಡುವಂತಿಲ್ಲ, ಬೇಡಿ ತೊಡಿಸುವಂತಿಲ್ಲ, ಯಾವ ಹೇಳಿಕೆಗೂ ಅವನ ಸಹಿ ಹಾಕಿಸುವಂತಿಲ್ಲ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಂಡಳಿಯ ಮುಂದೆ ಕರೆತರಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಜಾಮೀನು ಕೊಡುವುದೇ ನಿಯಮ, ನಿರಾಕರಿಸಿದರೆ ಕಾರಣ ಬರೆಯಬೇಕು. ಮಂಜೂರಾದ ಜಾಮೀನಿನ ಷರತ್ತು 7 ದಿನದಲ್ಲಿ ಪೂರೈಸಲಾಗದಿದ್ದರೆ ಅದನ್ನು ಸಡಿಲಿಸಲು ಹುಡುಗನನ್ನು ಮತ್ತೆ ಮಂಡಳಿಯ ಮುಂದೆ ತರಬೇಕು. ಇದನ್ನು ಯಾರೂ ನೆನಪಿಸದೆ ಹೋದರೆ ಹುಡುಗ ವೀಕ್ಷಣಾಲಯದಲ್ಲೇ (ವಿಚಾರಣೆಯ ಹೊತ್ತಿನಲ್ಲಿ ಮಕ್ಕಳನ್ನು ಇರಿಸುವ ಕೇಂದ್ರ) ಉಳಿದುಬಿಡುತ್ತಾನೆ.

ಎಡವುವುದು ಹೆಚ್ಚಾಗಿ ವಯಸ್ಸಿನ ವಿಷಯದಲ್ಲಿ. ಕಾಯ್ದೆ ಮೊದಲು ನೋಡುವುದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಮಾತ್ರ ಪಂಚಾಯತ್ ಅಥವಾ ನಗರಸಭೆಯ ಜನನ ಪತ್ರ, ಅದೂ ಇಲ್ಲದಿದ್ದರೆ ವೈದ್ಯಕೀಯ ಪರೀಕ್ಷೆ. ಒಂದನೇ ಕ್ಲಾಸಿಗೆ ಸೇರಿಸುವ ಅವಸರದಲ್ಲಿ "ಜೂನ್ 1" ಎಂದು ಬರೆಸಿದ್ದರೆ ಆ ತಾರೀಖೇ ಮುಂದೆ ನಿಲ್ಲುತ್ತದೆ. ಆದ್ದರಿಂದ ಶಾಲೆಯ ದಾಖಲೆಯ ಪ್ರತಿಯನ್ನೂ ಜನನ ಪತ್ರವನ್ನೂ ಇವತ್ತೇ ತೆಗೆದಿಡಿ. ಎರಡರಲ್ಲಿ ವ್ಯತ್ಯಾಸವಿದ್ದರೆ ಬಚ್ಚಿಡದೆ ವಕೀಲರಿಗೆ ತೋರಿಸಿ. 18 ತುಂಬಿತ್ತೇ ಎಂಬ ಲೆಕ್ಕಕ್ಕೆ ಬರುವುದು ಕೃತ್ಯ ನಡೆದ ದಿನದ ವಯಸ್ಸು.

ಪರಿವೀಕ್ಷಣಾಧಿಕಾರಿ (ಹುಡುಗನ ಮನೆ, ಹಿನ್ನೆಲೆ ವಿಚಾರಿಸುವ ಪ್ರೊಬೇಷನ್ ಆಫೀಸರ್) ಎರಡು ವಾರದಲ್ಲಿ ಸಾಮಾಜಿಕ ತನಿಖಾ ವರದಿ ಕೊಡಬೇಕು. ಅವರು ಮನೆಗೆ ಬಂದಾಗ ಶಾಲೆ ಬಿಟ್ಟದ್ದು, ಅಪ್ಪ ಬೋಟಿಗೆ ಹೋಗಿ ವಾರಗಟ್ಟಲೆ ಮನೆಯಲ್ಲಿಲ್ಲದ್ದು, ಗೆಳೆಯರ ಸಹವಾಸ, ಎಲ್ಲ ಇದ್ದಂತೆ ಹೇಳಿ. ಆದೇಶಕ್ಕೆ ಈ ವರದಿ ದೊಡ್ಡ ಆಧಾರ.

ಸಣ್ಣ ಅಪರಾಧದ (ಗರಿಷ್ಠ ಶಿಕ್ಷೆ 3 ವರ್ಷದವರೆಗಿನ ಸೆರೆವಾಸ ಇರುವಂಥದ್ದು) ವಿಚಾರಣೆಗೆ 4 ತಿಂಗಳು, ಹೆಚ್ಚೆಂದರೆ ಇನ್ನೂ 2 ತಿಂಗಳು. ಅಷ್ಟರಲ್ಲಿ ಮುಗಿಯದಿದ್ದರೆ ಪ್ರಕರಣವೇ ಕೊನೆಗೊಳ್ಳುತ್ತದೆ. ಮಂಡಳಿಯ ಆದೇಶದ ವಿರುದ್ಧ ಮೇಲ್ಮನವಿಗೆ 30 ದಿನ ಇದೆ.

ಇನ್ನೊಂದು ಮಾತು. ವಕೀಲರ ಕಕ್ಷಿದಾರ ಹುಡುಗ, ನೀವಲ್ಲ. ಅವರು ಅವನೊಬ್ಬನ ಜೊತೆ ಮಾತಾಡಬೇಕು ಎಂದರೆ ಅಪ್ಪ ಅಮ್ಮ ಹೊರಗೆ ಕೂರಬೇಕು. ತುಳುವಿನಲ್ಲೋ ಬ್ಯಾರಿಯಲ್ಲೋ ಮಾತ್ರ ಬಾಯಿ ಬಿಡುವ ಹುಡುಗನಿಗೆ ದುಭಾಷಿ ಒದಗಿಸುವುದು ಮಂಡಳಿಯ ಹೊಣೆ. ಮೊದಲ ದಿನವೇ ಕೇಳಿ. ಅವನ ಹೆಸರು, ಫೋಟೊ ಊರಿನ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿದ್ದರೆ ಅದನ್ನೂ ವಕೀಲರಿಗೆ ತಿಳಿಸಿ. ಮಕ್ಕಳ ಗುರುತು ಬಯಲು ಮಾಡಿದವರಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.