ಸೀಳು ತುಟಿ: ಅಪಾಯದ ಅಂಶ ಬೇರೆ, ಕಾರಣ ಬೇರೆ

‘ಮಗುವಿನ ಸೀಳು ತುಟಿಗೆ ತಾಯಿಯೇ ಕಾರಣ’ ಅಂತ ತಲೆಬರಹ ಕೊಟ್ಟ ಇನ್ನೊಂದು ಆರೋಗ್ಯ ಲೇಖನ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಒಳಗಿರುವ ಪಟ್ಟಿ ಮಾತ್ರ ರಿಸ್ಕ್ ಫ್ಯಾಕ್ಟರ್‌ಗಳದ್ದು, ಅಂದರೆ ಅಪಾಯದ ಅಂಶಗಳದ್ದು. ಇವೆರಡನ್ನೂ ಒಂದು ಮಾಡಿ ಬರೆಯುವುದನ್ನು ಇನ್ನಾದರೂ ನಿಲ್ಲಿಸಬೇಕು.

ಕಾರಣ ಅನ್ನುವುದು ಈ ಒಂದು ಮಗುವಿಗೆ ಯಾಕೆ ಹೀಗಾಯಿತು ಎಂಬುದಕ್ಕೆ ಉತ್ತರ. ಅಪಾಯದ ಅಂಶ ಅಂದರೆ ಹೀಗಾಗುವ ಸಾಧ್ಯತೆಯನ್ನು ಹೆಚ್ಚಿಸುವಂಥದ್ದು, ಅದು ಗೊತ್ತಾಗುವುದು ಸಾವಿರಾರು ಮಕ್ಕಳನ್ನು ಒಟ್ಟಿಗೆ ಎಣಿಸಿದಾಗ. ಸಿಗರೇಟನ್ನೇ ತಗೊಳ್ಳಿ. ಇದರ ಪುರಾವೆ ಎಷ್ಟು ಗಟ್ಟಿ ಅಂದರೆ, ಅಮೆರಿಕ ಸರ್ಕಾರದ ಮುಖ್ಯ ಸಾರ್ವಜನಿಕ ಆರೋಗ್ಯ ವೈದ್ಯರಾದ ಸರ್ಜನ್ ಜನರಲ್ ಅವರ 2014ರ ವರದಿ ಇದನ್ನು ಕಾರಣಗಳ ಸಾಲಿಗೇ ಸೇರಿಸಿತು. ಆದರೂ ಲೆಕ್ಕ ನೋಡಿ. ಜಗತ್ತಿನಲ್ಲಿ ಸುಮಾರು 700 ಮಕ್ಕಳಲ್ಲಿ ಒಂದಕ್ಕೆ ಸೀಳು ತುಟಿ ಅಥವಾ ಸೀಳು ಅಂಗುಳ ಇರುತ್ತದೆ. 10,000ಕ್ಕೆ 14 ಅಂದುಕೊಳ್ಳಿ. ಬಸುರಿನ ಮೊದಲ ವಾರಗಳಲ್ಲಿ ತಾಯಿ ಸಿಗರೇಟು ಸೇದಿದ್ದರೆ ಅದು ಮೂರನೇ ಒಂದರಷ್ಟು ಜಾಸ್ತಿಯಾಗಿ 18-19 ಆಗುತ್ತದೆ. ಉಳಿದ 9,980ಕ್ಕೂ ಹೆಚ್ಚು ಮಕ್ಕಳಿಗೆ ಏನೂ ಆಗಿರುವುದಿಲ್ಲ. ಆ 19ರಲ್ಲಿ ಯಾವ ಮಗುವಿಗೆ ಸಿಗರೇಟಿನಿಂದಲೇ ಆಯಿತು ಅಂತ ಯಾವ ಡಾಕ್ಟರೂ ಬೆರಳಿಟ್ಟು ತೋರಿಸಲಾರರು. ಹಾಗಿರುವಾಗ ಬೀಡಿ ಸಿಗರೇಟು ಮುಟ್ಟದ ನಮ್ಮ ಹೆಂಗಸರ ತಲೆಗೆ ತಪ್ಪು ಕಟ್ಟುವುದು ಯಾವ ನ್ಯಾಯ?

‘ಸೀಳು’ ಅನ್ನುವ ಹೆಸರೂ ಸ್ವಲ್ಪ ದಾರಿ ತಪ್ಪಿಸುತ್ತದೆ. ಇಲ್ಲಿ ಏನೂ ಸೀಳಿರುವುದಿಲ್ಲ, ಕೂಡಬೇಕಾದದ್ದು ಕೂಡಿರುವುದಿಲ್ಲ ಅಷ್ಟೆ. ಭ್ರೂಣದ ಮುಖದ ಎರಡೂ ಬದಿಯ ಭಾಗಗಳು ಬೆಳೆದು ನಡುವಿನ ಭಾಗಕ್ಕೆ ಅಂಟಿಕೊಂಡು ಮೇಲ್ತುಟಿಯಾಗುತ್ತದೆ. ಇದು 4ರಿಂದ 7ನೇ ವಾರದ ಕೆಲಸ. ಆಮೇಲೆ ನಾಲಿಗೆಯ ಅಕ್ಕಪಕ್ಕ ಕೆಳಕ್ಕೆ ಇಳಿಬಿದ್ದ ಎರಡು ಮಡಿಕೆಗಳು ಮೇಲೆದ್ದು, ಅಡ್ಡಕ್ಕೆ ತಿರುಗಿ, ನಡುವೆ ಸೇರಿ ಅಂಗುಳವಾಗುತ್ತವೆ. ಬಸುರಿ ಅಂತ ಗೊತ್ತಾಗುವ ಹೊತ್ತಿಗೆ ತುಟಿಯ ಕೆಲಸ ಎಷ್ಟೋ ಸಲ ಮುಗಿಯುತ್ತಾ ಬಂದಿರುತ್ತದೆ. ಐದನೇ ತಿಂಗಳಲ್ಲಿ ಗ್ರಹಣದ ದಿನ ಈಳಿಗೆ ಮುಟ್ಟಿದ್ದಕ್ಕೆ ಹೀಗಾಯಿತು ಅಂತ ಸೊಸೆಯನ್ನು ಅಳಿಸುವವರು ಈ ವಾರಗಳ ಲೆಕ್ಕವನ್ನು ಒಮ್ಮೆ ನೋಡಬೇಕು.

‘ಪರಿಸರದ ಅಂಶ’ ಅಂದಾಗಲೂ ಬರೀ ಹೊಗೆ, ಕಾರ್ಖಾನೆ ಅಂದುಕೊಳ್ಳಬೇಡಿ. ವಂಶವಾಹಿ ಬಿಟ್ಟು ಉಳಿದದ್ದೆಲ್ಲ ಇದರಲ್ಲಿ ಬರುತ್ತದೆ: ಬಸುರಿಗೆ ಮುಂಚೆಯೇ ಇದ್ದ ಸಕ್ಕರೆ ಕಾಯಿಲೆ, ಫಿಟ್ಸ್‌ಗೆ ಕೊಡುವ ಟೋಪಿರಾಮೇಟ್, ವಾಲ್‌ಪ್ರೊಯೇಟ್, ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್.

ತಂದೆಯ ಕಡೆಯೂ ಇದೆ, ಅದನ್ನು ಯಾರೂ ಎತ್ತುವುದಿಲ್ಲ. ವಂಶವಾಹಿ ಇಬ್ಬರಿಂದಲೂ ಬರುತ್ತದೆ ಅಲ್ವಾ? ಕೆಳತುಟಿಯಲ್ಲಿ ಸಣ್ಣ ಗುಳಿಗಳಿರುವ ವ್ಯಾನ್ ಡರ್ ವೂಡ್ ಸಿಂಡ್ರೋಮ್ ತಂದೆಗಿದ್ದರೂ ಸರಿ, ತಾಯಿಗಿದ್ದರೂ ಸರಿ, ಮಗುವಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಗಂಡ ಮನೆಯೊಳಗೆ ಬಿಡುವ ಬೀಡಿ ಹೊಗೆಗೂ ಸೀಳು ತುಟಿಗೂ ನಂಟು ಕಂಡಿದೆ. ಅಕ್ಕನ ಮಗಳನ್ನೇ ತಂದುಕೊಳ್ಳುವಂಥ ರಕ್ತಸಂಬಂಧದ ಮದುವೆಗಳಲ್ಲೂ ಕಂಡಿದೆ. ಅಪ್ಪ ಅಮ್ಮನಿಗೆ ಇಲ್ಲದೆ ಒಂದು ಮಗುವಿಗೆ ಮಾತ್ರ ಇದ್ದರೆ, ಮುಂದಿನ ಮಗುವಿಗೂ ಬರುವ ಸಾಧ್ಯತೆ ಸಾಮಾನ್ಯವಾಗಿ 100ಕ್ಕೆ 2ರಿಂದ 5.

ಫೋಲಿಕ್ ಆ್ಯಸಿಡ್ ಬಗ್ಗೆ ಒಂದು ಮಾತು. ಬೆನ್ನುಹುರಿಯ ದೋಷ ತಡೆಯುವುದರಲ್ಲಿ ಇದರ ಪುರಾವೆ ಗಟ್ಟಿ, ಸೀಳು ತುಟಿಯ ವಿಷಯದಲ್ಲಿ ಅಷ್ಟಿಲ್ಲ. ಆದರೂ ತಗೊಳ್ಳಬೇಕು, ಅದೂ ಮಗು ಬೇಕು ಅಂದುಕೊಂಡಾಗಿನಿಂದಲೇ. ಸರ್ಕಾರ ಕೊಡುವ ಕಬ್ಬಿಣದ ಮಾತ್ರೆಯಲ್ಲಿ 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಇದೆ. ಆದರೆ ಅದು ಶುರುವಾಗುವುದು ನಾಲ್ಕನೇ ತಿಂಗಳಿನಿಂದ. ಫಿಟ್ಸ್ ಮಾತ್ರೆಯನ್ನಂತೂ ಇದನ್ನು ಓದಿ ಹೆದರಿ ನಿಲ್ಲಿಸಬೇಡಿ. ಬಸುರಾಗುವ ಮೊದಲೇ ಡಾಕ್ಟರ ಹತ್ತಿರ ಹೋಗಿ, ಬದಲಿಸಬೇಕಾ ಅಂತ ಕೇಳಿ.