ಮಧ್ಯಾಹ್ನ ಎರಡೂಕಾಲಿಗೆ ಒಂದು ಪೂರ್ತಿ ಕಥೆ

ಅಕ್ಕನ ಬಾಣಂತನಕ್ಕೆ ಅಂತ ಅಮ್ಮ ಇಂಗ್ಲೆಂಡಿನ ಲೀಡ್ಸ್‌ಗೆ ಹೋಗಿದ್ದಾಗಿನ ಮಾತು. ಹತ್ತು ವರ್ಷದ ಮೇಲಾಯಿತು. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿ, ಅಕ್ಕನಿಗೆ ಬಿಸಿ ಬಿಸಿ ಊಟ ಬಡಿಸಿ, ತಾಯಿ ಮಗು ಇಬ್ಬರೂ ಮಲಗಿದ ಮೇಲೆ ಅಮ್ಮನಿಗೆ ಸ್ವಲ್ಪ ಬಿಡುವು. ಹೊರಗೆ ಚಳಿ. ಮಾತಾಡೋಣ ಅಂದರೆ ಅಕ್ಕಪಕ್ಕ ಯಾರೂ ಇಲ್ಲ. ಟಿ.ವಿ. ಸೌಂಡ್ ಸಣ್ಣಗೆ ಮಾಡಿಕೊಂಡು ಬಿಬಿಸಿ ಒನ್ ಹಾಕಿ ಕೂರುತ್ತಿದ್ದಳು. ಇಂಗ್ಲಿಷ್ ಅಷ್ಟಕ್ಕಷ್ಟೆ. ಮುಖ ನೋಡಿ ಅರ್ಥ ಮಾಡಿಕೊಳ್ಳೋದು.

ಮೂರು ಗಂಟೆ ಆಯಿತು ಅಂದರೆ ನನಗೆ ಫೋನ್. ಚಳಿಗಾಲದಲ್ಲಿ ಅಲ್ಲಿ ಮೂರು ಅಂದರೆ ನಮಗೆ ರಾತ್ರಿ ಎಂಟೂವರೆ. ನಾನು ಆಗ ಬರೆಯುತ್ತಿದ್ದ ಸೀರಿಯಲ್ ಶುರುವಾಗುತ್ತಿದ್ದದ್ದೂ ಅದೇ ಹೊತ್ತಿಗೆ. ಮಗನ ಸೀರಿಯಲ್ ಬಿಟ್ಟು ಬೇರೆಯವರ ಕಥೆ ಹೇಳುತ್ತಿದ್ದಳು ಮಹಾತಾಯಿ.

ಮೂರನೇ ದಿನ ಬಂದ ದೂರು ಇದು: “ಸೋಮವಾರದ ಹೆಂಗಸು ಇವತ್ತೂ ಬರಲೇ ಇಲ್ಲ ಕಣೋ. ನಿನ್ನೆ ಎಲ್ಲ ಹೊಸಬರು, ಇವತ್ತು ಇನ್ನೂ ಹೊಸಬರು. ಇವರಿಗೆ ಕಥೆ ಮುಂದುವರಿಸೋಕೆ ಬರಲ್ವಾ?”

ಅಮ್ಮ ನೋಡುತ್ತಿದ್ದದ್ದು ‘ಮೂವಿಂಗ್ ಆನ್’. ಹಾಗೆ ನೋಡಿದರೆ ಅವಳ ಪ್ರಶ್ನೆಯೊಳಗೇ ಆ ಕಾರ್ಯಕ್ರಮದ ಗುಟ್ಟು ಇದೆ. ಸೀರಿಯಲ್ ಬರೆದು ಹೊಟ್ಟೆ ಹೊರೆಯುವ ನನಗೆ ಅದು ಎಷ್ಟು ಪಾಠ ಕಲಿಸಿತು ಅಂದರೆ, ಈಗಲೂ ಬರವಣಿಗೆ ಕಲಿಯಲು ಬರುವ ಹುಡುಗರಿಗೆ ಮೊದಲು ಅದರ ಬಗ್ಗೆಯೇ ಹೇಳುತ್ತೇನೆ.

ಸಂಗತಿ ಇಷ್ಟು. 2009ರ ಮೇ ತಿಂಗಳಲ್ಲಿ ಬಿಬಿಸಿ ಒನ್ ಮಧ್ಯಾಹ್ನದ ಹೊತ್ತಿಗೆ ಐದು ನಾಟಕ ಹಾಕಿತು. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು. ಒಂದೊಂದೂ ಮುಕ್ಕಾಲು ಗಂಟೆ. ಪಾತ್ರಗಳು ಬೇರೆ, ಮನೆ ಬೇರೆ, ಬರೆದವರೂ ಬೇರೆ. ಎಲ್ಲವೂ ಇವತ್ತಿನ ಕಾಲದ, ಸಾಮಾನ್ಯ ಜನರ ಕಥೆ. ಎಲ್ಲಕ್ಕೂ ಸೇರಿ ಇದ್ದದ್ದು ಒಂದೇ ಕಟ್ಟಳೆ: ಬದುಕಿನ ಒಂದು ತಿರುವಿಗೆ ಬಂದು ನಿಂತ ಮನುಷ್ಯ ಅಲ್ಲಿಂದ ಮುಂದಕ್ಕೆ ಒಂದು ಹೆಜ್ಜೆ ಇಡಬೇಕು. ಹೆಸರಿನ ಅರ್ಥವೂ ಅದೇ ತಾನೆ. ಇದರ ಹಿಂದೆ ಇದ್ದವರು ಲಿವರ್‌ಪೂಲ್‌ನ ಟಿ.ವಿ. ಬರಹಗಾರ ಜಿಮ್ಮಿ ಮ್ಯಾಕ್‌ಗವರ್ನ್. ತಯಾರಿಸಿದ್ದೂ ಅದೇ ಊರಿನ ಎಲ್‌ಎ ಪ್ರೊಡಕ್ಷನ್ಸ್. 2021ರವರೆಗೆ 12 ಸೀಸನ್ ನಡೆಯಿತು.

ಇದನ್ನು ನಮ್ಮ ಭಾಷೆಯಲ್ಲಿ ಹೇಳೋದು ಸುಲಭ. ಸೀರಿಯಲ್ ಅನ್ನೋದು ಕಾದಂಬರಿ, ಅದೂ ಪ್ರಕಾಶಕರು ಮುಗಿಸೋಕೆ ಬಿಡದ ಕಾದಂಬರಿ. ಇದು ಸಣ್ಣಕಥೆಗಳ ಸಂಕಲನ. ರಂಗಭೂಮಿಯವರಾದರೆ ಏಕಾಂಕ ಅಂದುಕೊಳ್ಳಬಹುದು.

ಈಗ ನನ್ನ ಕಸುಬಿನ ಒಂದು ಪಾಪ ಹೇಳಿಕೊಳ್ಳುತ್ತೇನೆ. ನಾನು ಬರೆದ ಒಂದು ಸೀರಿಯಲ್‌ನಲ್ಲಿ ಸೊಸೆಯ ಕೈಗೆ ಒಂದು ಕಾಗದ ಸಿಗುತ್ತದೆ. ಗಂಡನ ಹಳೇ ಸಾಲದ ಕಾಗದ. ಅದನ್ನು ಅವಳು ಒಡೆದು ಓದೋಕೆ 31 ಎಪಿಸೋಡ್ ಹಿಡಿಯಿತು. ಒಮ್ಮೆ ಅತ್ತೆ ಕರೆದರು. ಒಮ್ಮೆ ಹಾಲು ಉಕ್ಕಿತು. ಒಮ್ಮೆ ಕರೆಂಟ್ ಹೋಯಿತು. ಒಂದು ದಿನವಂತೂ ಕಾಗದ ಗಾಳಿಗೆ ಹಾರಿ ಬಾವಿಕಟ್ಟೆ ಮೇಲೆ ಕೂತಿತು, ಅವಳ ಮುಖಕ್ಕೆ ಕ್ಯಾಮೆರಾ ಮೂರು ಸಲ ಹೋಗಿ ಫ್ರೀಜ್. ಚಾನೆಲ್‌ನವರು ಖುಷಿಯಾಗಿದ್ದರು. ಟಿಆರ್‌ಪಿ ಬಂದಿತ್ತು. ಕೊನೆಗೆ ಅವಳು ಓದಿದ ದಿನ ಮಾತ್ರ ನನಗೆ ಏನು ಬರೆಯಬೇಕು ಅಂತಲೇ ತೋಚಲಿಲ್ಲ. ಯಾಕೆಂದರೆ ಓದಿದ ಮೇಲೆ ಅವಳು ಏನು ಮಾಡುತ್ತಾಳೆ ಅಂತ ನಾನು ಯೋಚಿಸಿಯೇ ಇರಲಿಲ್ಲ.

ಒಂದೇ ಕಂತಿಗೆ ಮುಗಿಯುವ ಇಂಥ ಬಿಡಿ ನಾಟಕ ಬರೆಯುವವನಿಗೆ ಈ ಐಷಾರಾಮ ಇಲ್ಲ. ಅವನ ಕಥೆಯಲ್ಲಿ ಕಾಗದ ಮೂರನೇ ನಿಮಿಷಕ್ಕೆ ಒಡೆಯಬೇಕು. ಉಳಿದ 42 ನಿಮಿಷ ಆ ಕಾಗದದ ಜೊತೆ ಆಕೆ ಹೇಗೆ ಬದುಕುತ್ತಾಳೆ ಅನ್ನೋದೇ ನಾಟಕ. ಗಂಡನಿಗೆ ಹೇಳುತ್ತಾಳಾ? ಗೊತ್ತಿಲ್ಲದ ಹಾಗೆ ನಟಿಸುತ್ತಾಳಾ? ರಾತ್ರಿ ಅನ್ನ ಬಡಿಸುವಾಗ ಕೈ ನಡುಗುತ್ತದಾ? ಸೀರಿಯಲ್ ನಡೆಯೋದು “ಯಾವಾಗ ಗೊತ್ತಾಗುತ್ತೆ” ಅನ್ನೋ ಪ್ರಶ್ನೆಯ ಮೇಲೆ. ಬಿಡಿ ನಾಟಕ ಶುರುವಾಗೋದೇ “ಗೊತ್ತಾಯ್ತು, ಈಗೇನು” ಅನ್ನುವಲ್ಲಿಂದ. ಸೀರಿಯಲ್ ಬರೆಯುವವನು ಕೂಡಿಡುತ್ತಾನೆ, ಇವನು ಅದೇ ದಿನ ಎಲ್ಲ ಖರ್ಚು ಮಾಡಬೇಕು. ನಾಳೆಗೆ ಅಂತ ಉಳಿಸಿದರೆ ನಾಳೆ ಅವನ ಪಾತ್ರಗಳೇ ಇರಲ್ಲ.

ಇನ್ನೂ ಒಂದು ವ್ಯತ್ಯಾಸ ಇದೆ, ಅದು ಇನ್ನೂ ಆಳದ್ದು. ಸೀರಿಯಲ್‌ನಲ್ಲಿ ಮನುಷ್ಯರು ಬದಲಾಗುವ ಹಾಗಿಲ್ಲ. ಕೆಟ್ಟ ಅತ್ತೆ ನಿಜವಾಗಲೂ ಒಳ್ಳೆಯವಳಾಗಿಬಿಟ್ಟರೆ ಮುಂದಿನ ವಾರಕ್ಕೆ ಏನು ಮಾಡೋದು? ಹಾಗಾಗಿ ಎರಡು ದಿನ ಒಳ್ಳೆಯವಳಾಗಿ ಮತ್ತೆ ಕೆಟ್ಟವಳಾಗುತ್ತಾಳೆ. ‘ಮೂವಿಂಗ್ ಆನ್’ ಕಟ್ಟಳೆ ಇದಕ್ಕೆ ತದ್ವಿರುದ್ಧ. ಅಲ್ಲಿ ಮನುಷ್ಯ ಬದಲಾಗಲೇಬೇಕು. ದೊಡ್ಡದಾಗಿ ಅಲ್ಲ, ಒಂದು ಹೆಜ್ಜೆ ಸಾಕು.

ಬ್ರಿಟನ್ನಿನವರಿಗೆ ಇದು ಹೊಸದೇನೂ ಆಗಿರಲಿಲ್ಲ. 1956ರಲ್ಲೇ ಅಲ್ಲಿನ ಖಾಸಗಿ ವಾಹಿನಿ ಐಟಿವಿ ‘ಆರ್ಮ್‌ಚೇರ್ ಥಿಯೇಟರ್’ ಅಂತ ಬಿಡಿ ನಾಟಕಗಳನ್ನು ಶುರು ಮಾಡಿತ್ತು. ಬಿಬಿಸಿಯಲ್ಲಿ 1964ರಿಂದ ‘ದಿ ವೆನ್ಸ್‌ಡೇ ಪ್ಲೇ’, 1970ರಿಂದ 1984ರವರೆಗೆ ‘ಪ್ಲೇ ಫಾರ್ ಟುಡೇ’. 1966ರ ನವೆಂಬರ್‌ನಲ್ಲಿ ಬಂದ, ಕೆನ್ ಲೋಚ್ ನಿರ್ದೇಶಿಸಿದ ‘ಕ್ಯಾಥಿ ಕಮ್ ಹೋಮ್’ ಬಗ್ಗೆ ಕೇಳಿರಬಹುದು. ನನ್ನ ಕಾಗದದ ಕಥೆ ಪಕ್ಕದಲ್ಲಿ ಅದನ್ನು ಇಟ್ಟು ನೋಡಿ. ಕ್ಯಾಥಿ, ರೆಜ್ ಅಂತ ಒಂದು ಎಳೇ ಜೋಡಿ. ರೆಜ್‌ಗೆ ಕೆಲಸದಲ್ಲಿ ಅಪಘಾತ ಆಗುತ್ತದೆ. ದುಡಿಮೆ ಹೋಯಿತು, ಬಾಡಿಗೆ ಕಟ್ಟೋಕಾಗಲ್ಲ, ಮನೆ ಹೋಯಿತು. ಒಂದೊಂದೇ ಮೆಟ್ಟಿಲು ಇಳಿಯುತ್ತಾ ಕೊನೆಗೆ ರೈಲ್ವೇ ಸ್ಟೇಷನ್ನಿನಲ್ಲಿ ಅವಳ ಕೈಯಿಂದ ಮಕ್ಕಳನ್ನೇ ಕಿತ್ತುಕೊಂಡು ಹೋಗುತ್ತಾರೆ. ಕಥೆಯಲ್ಲಿ ಬಚ್ಚಿಟ್ಟದ್ದು ಏನೂ ಇಲ್ಲ. ಯಾರ ಜನ್ಮರಹಸ್ಯವೂ ಇಲ್ಲ. ಮುಂದೇನಾಗುತ್ತೆ ಅಂತ ನೋಡುವವರಿಗೆ ಸುಮಾರಾಗಿ ಗೊತ್ತೇ ಇರುತ್ತದೆ. ಆದರೂ ಕಣ್ಣು ಕೀಳೋಕಾಗಲ್ಲ. ಆ ರಾತ್ರಿ ಸುಮಾರು 1 ಕೋಟಿ 20 ಲಕ್ಷ ಜನ ನೋಡಿದರು.

ಇವೆಲ್ಲ ರಾತ್ರಿಯ ಮಾತು. ಮಧ್ಯಾಹ್ನದ ಕಥೆ ಬೇರೆ. ದಿನಕ್ಕೆ ಇಷ್ಟೇ ಗಂಟೆ ಟಿ.ವಿ. ಅಂತ ಅಲ್ಲಿನ ಸರ್ಕಾರವೇ ಮಿತಿ ಹಾಕಿತ್ತು. 1972ರಲ್ಲಿ ಅದು ಹೋದ ಮೇಲೆ ಐಟಿವಿ ಮಧ್ಯಾಹ್ನವನ್ನು ತುಂಬಿಸಲು ಹೊರಟಿತು. ಆಗ ಬಂದದ್ದು ‘ಕ್ರೌನ್ ಕೋರ್ಟ್’. ಮ್ಯಾಂಚೆಸ್ಟರ್‌ನ ಗ್ರನಾಡಾ ಸ್ಟುಡಿಯೋದಲ್ಲಿ ಒಂದು ಕೋರ್ಟ್ ಸೆಟ್. ವಾರಕ್ಕೊಂದು ಕೇಸು, ಅರ್ಧರ್ಧ ಗಂಟೆಯ ಮೂರು ಕಂತು, ಅಲ್ಲಿಗೆ ಮುಗೀತು. ವಕೀಲರು, ಜಡ್ಜು, ಆರೋಪಿ ಎಲ್ಲ ನಟರು. ಜ್ಯೂರಿ ಮಾತ್ರ ನಿಜವಾದ ಸಾಮಾನ್ಯ ಜನ! ಅವರು ವಾದ ಕೇಳಿ, ತಮ್ಮಲ್ಲೇ ಚರ್ಚಿಸಿ, ತಾವೇ ತೀರ್ಪು ಕೊಡುತ್ತಿದ್ದರು. ಬರೆದವನಿಗೇ ತನ್ನ ಕಥೆಯ ಕೊನೆ ಗೊತ್ತಿಲ್ಲ. ತೀರ್ಪು ಓದಿ ಹೇಳುವ ಜ್ಯೂರಿ ಮುಖ್ಯಸ್ಥನೊಬ್ಬ ಮಾತ್ರ ನಟ, ಯಾಕೆಂದರೆ ಡೈಲಾಗ್ ಇರುವ ಪಾತ್ರ ನಟರ ಸಂಘದವರಿಗೇ ಹೋಗಬೇಕಿತ್ತು. ನನ್ನ ಮಟ್ಟಿಗೆ ಟಿ.ವಿ. ಚರಿತ್ರೆಯಲ್ಲಿ ಇಷ್ಟು ಅಗ್ಗದ, ಇಷ್ಟು ಜಾಣ ಐಡಿಯಾ ಇನ್ನೊಂದಿಲ್ಲ. ಒಂದು ಸೆಟ್, ಹೊರಾಂಗಣ ಅನ್ನೋದೇ ಇಲ್ಲವೆನ್ನಬಹುದು, ಆದರೂ ಮನೆಯಲ್ಲಿ ಕೂತವರು ತಾವೂ ಒಂದು ತೀರ್ಪು ಕೊಟ್ಟು ಕಾಯುತ್ತಿದ್ದರು.

ಬಿಬಿಸಿಯ ಪೂರ್ಣ ಪ್ರಮಾಣದ ಹಗಲು ಪ್ರಸಾರ ಶುರುವಾದದ್ದು 1986ರ ಅಕ್ಟೋಬರ್‌ನಲ್ಲಿ. 2003ರಿಂದ 2007ರವರೆಗೆ ‘ದಿ ಆಫ್ಟರ್‌ನೂನ್ ಪ್ಲೇ’ ಅಂತ ಬಿಡಿ ನಾಟಕಗಳು ಬಂದವು, ಹೆಚ್ಚುಕಡಿಮೆ ಅದು ಖಾಲಿ ಮಾಡಿದ ಜಾಗಕ್ಕೇ ‘ಮೂವಿಂಗ್ ಆನ್’ ಬಂತು. ಬಿಬಿಸಿಯ ರೇಡಿಯೋ 4ರಲ್ಲೂ ವರ್ಷಗಳಿಂದ ಮಧ್ಯಾಹ್ನ ಎರಡೂಕಾಲಿಗೆ 45 ನಿಮಿಷದ ನಾಟಕ ಬರುತ್ತದೆ. ಊಟ ಆದಮೇಲೆ ಒಂದು ಕಥೆ ಕೇಳೋದು ಆ ದೇಶದ ಅಭ್ಯಾಸವೇ ಇರಬೇಕು.

ಆ ಹೊತ್ತಿಗೆ ಟಿ.ವಿ. ಮುಂದೆ ಯಾರಿರುತ್ತಾರೆ? ವಯಸ್ಸಾದವರು. ಕಾಯಿಲೆ ಬಿದ್ದವರು. ಬಾಣಂತಿಯರು, ಬಾಣಂತನ ಮಾಡುವವರು. ನೈಟ್ ಶಿಫ್ಟ್ ಮುಗಿಸಿ ಎದ್ದವರು. ಕೆಲಸ ಕಳೆದುಕೊಂಡವರು. ಜ್ವರ ಅಂತ ಸ್ಕೂಲಿಗೆ ಚಕ್ಕರ್ ಹೊಡೆದ ಮಗು ಕೂಡ. ರಾತ್ರಿ 9ರ ಒಳಗೆ ದೊಡ್ಡವರಿಗೆ ಮಾತ್ರ ಅನ್ನುವಂಥದ್ದು ತೋರಿಸುವ ಹಾಗಿಲ್ಲ ಅಂತ ಅಲ್ಲಿ ನಿಯಮ. ಅಂದರೆ ರಕ್ತ ಇಲ್ಲ, ಹೊಲಸು ಬೈಗುಳ ಇಲ್ಲ, ಹಾಸಿಗೆ ಸೀನ್ ಇಲ್ಲ. ದುಡ್ಡೂ ರಾತ್ರಿ ನಾಟಕಕ್ಕೆ ಕೊಟ್ಟಷ್ಟು ಇಲ್ಲ.

ಇವೆಲ್ಲ ಕೊರತೆ ಅಂತ ಕಾಣುತ್ತೆ, ಅಲ್ವಾ? ಬರೆಯುವವನ ಮೇಜಿನ ಮೇಲೆ ಇವೇ ಬೇರೆ ಕೆಲಸ ಮಾಡುತ್ತವೆ. ಕೊಲೆ ತೋರಿಸುವ ಹಾಗಿಲ್ಲ ಅಂದಾಗ ಕೊಲೆಯಾದ ಮನೆಯ ಮರುದಿನದ ಬೆಳಗ್ಗೆ ಬರೆಯಬೇಕಾಗುತ್ತದೆ. ಅದು ಕೊಲೆಗಿಂತ ಕಷ್ಟ, ಕೊಲೆಗಿಂತ ಚೆನ್ನಾಗಿರುತ್ತದೆ. ದುಡ್ಡಿಲ್ಲ ಅಂದಾಗ ಜನ ಕಡಿಮೆ, ಜಾಗ ಕಡಿಮೆ. ಅಡುಗೆಮನೆ, ನಿಂತ ಕಾರು, ಸ್ಕೂಲ್ ಗೇಟು, ಆಸ್ಪತ್ರೆ ಕಾರಿಡಾರು. ಇಬ್ಬರನ್ನು ಒಂದು ಮೇಜಿನ ಎದುರುಬದುರು ಕೂರಿಸಿದ ಮೇಲೆ ಅವರು ಮಾತಾಡಲೇಬೇಕು. ಅದೂ ಎಂಥ ಮಾತು? ಇಸ್ತ್ರಿ ಮಾಡುತ್ತಾ ಬೆನ್ನು ತಿರುಗಿಸಿ ನಿಂತವರಿಗೂ ಕಥೆ ಕೈತಪ್ಪದ ಹಾಗಿನ ಮಾತು. ಅಮ್ಮನ ಹಾಗೆ ಭಾಷೆ ಬರದವರಿಗೆ ಮುಖವೂ ಹೇಳಬೇಕು.

ಜಾಹೀರಾತಿನ ವಿಷಯ ಇನ್ನೊಂದು. ಬಿಬಿಸಿ ನಡೆಯೋದು ಜನ ಕಟ್ಟುವ ಲೈಸೆನ್ಸ್ ಶುಲ್ಕದಲ್ಲಿ, ಹಾಗಾಗಿ ಮಧ್ಯೆ ಬ್ರೇಕ್ ಇಲ್ಲ. ನಮ್ಮಲ್ಲಿ ಅರ್ಧ ಗಂಟೆ ಅಂದರೆ ಕಥೆಗೆ ಸಿಗೋದು 20ರಿಂದ 22 ನಿಮಿಷ. ಪ್ರತಿ ಬ್ರೇಕಿಗೂ ನೋಡುವವರನ್ನು ಹಿಡಿದಿಡುವ ಒಂದು ಕೊಕ್ಕೆ ಹಾಕಬೇಕು, ಇಲ್ಲಾಂದ್ರೆ ರಿಮೋಟ್ ಕೈಗೆ ಹೋಗುತ್ತೆ. ಬ್ರೇಕ್ ಇಲ್ಲದ 45 ನಿಮಿಷದಲ್ಲಿ ಸುಳ್ಳು ಕೊಕ್ಕೆ ಬೇಡ. ಸುಮ್ನೆ ಒಬ್ಬಳು ಪಾತ್ರೆ ತೊಳೆಯೋದನ್ನ ಅರ್ಧ ನಿಮಿಷ ತೋರಿಸಬಹುದು, ಅವಳು ಆ ಅರ್ಧ ನಿಮಿಷದಲ್ಲಿ ಏನೋ ನಿರ್ಧಾರ ಮಾಡುತ್ತಿದ್ದಾಳೆ ಅಂತ ನಮಗೆ ಗೊತ್ತಿದ್ದರೆ.

ದೊಡ್ಡ ನಟರು ಇಂಥ ಮಧ್ಯಾಹ್ನದ ಕಾರ್ಯಕ್ರಮಕ್ಕೆ ಯಾಕೆ ಬಂದರು ಅಂತ ಕೇಳುತ್ತಾರೆ. ಮೊದಲ ಸೀಸನ್ನಿನಲ್ಲೇ ಶೀಲಾ ಹ್ಯಾನ್‌ಕಾಕ್ ಇದ್ದರು. ಆಮೇಲೆ ‘ಹಾಬಿಟ್’ ಸಿನಿಮಾಗಳಲ್ಲಿ ಕುಬ್ಜರ ರಾಜನಾದ ರಿಚರ್ಡ್ ಆರ್ಮಿಟೇಜ್ ಕೂಡ ಇದ್ದರು. ನನ್ನ ಊಹೆ ಸರಳ: ಪೂರ್ತಿ ಪಾತ್ರ. ಮೊದಲು, ನಡು, ಕೊನೆ ಮೂರೂ ಇರುವ ಪಾತ್ರ, ಅದೂ ಕೆಲವೇ ದಿನದ ಕಾಲ್‌ಶೀಟ್‌ನಲ್ಲಿ. ನಟರಿಗೆ ಇನ್ನೇನು ಬೇಕು? ನಟನೆಯಲ್ಲಿ ಹೆಸರು ಮಾಡಿದ ಜಾನಿ ವೇಗಸ್, ರೀಸ್ ಡಿನ್ಸ್‌ಡೇಲ್ ಇಲ್ಲಿ ನಿರ್ದೇಶನವನ್ನೂ ಮಾಡಿದರು.

ಬರೆಯುವವರಿಗಂತೂ ಇದು ಗರಡಿಮನೆ. ಮ್ಯಾಕ್‌ಗವರ್ನ್ ತಾವೇ ಹಾಗೆ ಪಳಗಿದವರು. ಮೇಷ್ಟರಾಗಿದ್ದವರು, 1982ರಲ್ಲಿ ಶುರುವಾದ ‘ಬ್ರೂಕ್‌ಸೈಡ್’ ಧಾರಾವಾಹಿಗೆ ವರ್ಷಗಟ್ಟಲೆ ಬರೆದರು. ಆಮೇಲೆ ‘ಕ್ರ್ಯಾಕರ್’, ‘ಹಿಲ್ಸ್‌ಬರೋ’, ಒಂದೇ ಬೀದಿಯ ಬೇರೆ ಬೇರೆ ಮನೆಗಳ ಕಥೆಯಾದ ‘ದಿ ಸ್ಟ್ರೀಟ್’. ಅಷ್ಟು ದೊಡ್ಡ ಹೆಸರು ಮಧ್ಯಾಹ್ನದ ನಾಟಕದ ಮೇಲೆ ಕೂತಿದ್ದರಿಂದಲೇ ಹೊಸಬರ ಸ್ಕ್ರಿಪ್ಟಿಗೆ ಬಾಗಿಲು ತೆರೆಯಿತು. ಇಲ್ಲಿ ಬರೆದವರಲ್ಲಿ ಒಬ್ಬರಾದ ಶಾನ್ ಡುಗ್ಗನ್ 2012ರಲ್ಲಿ ಮ್ಯಾಕ್‌ಗವರ್ನ್ ಜೊತೆ ‘ಅಕ್ಯೂಸ್ಡ್’ ಸರಣಿಗೆ ಬರೆದರು. ಅದು ರಾತ್ರಿಯ, ದೊಡ್ಡ ಹೊತ್ತಿನ ನಾಟಕ. ಸೀರಿಯಲ್‌ನಲ್ಲಿ ಹೊಸ ಹುಡುಗನಿಗೆ ಸಿಗೋದು ಇನ್ನೊಬ್ಬರ ಒನ್‌ಲೈನ್‌ಗೆ, ಅಂದರೆ ಕಥೆಯ ಎಳೆಗೆ, ಡೈಲಾಗ್ ಹಾಕುವ ಕೆಲಸ. ಕಥೆಗೆ ಕೊನೆ ಬರೆಯೋದನ್ನ ಅವನು ಕಲಿಯೋದೇ ಇಲ್ಲ. ನಾನು ಎಂಟು ವರ್ಷ ಬರೆದೆ, ಒಂದೂ ಕೊನೆ ಬರೆದಿರಲಿಲ್ಲ. ಸೀರಿಯಲ್ ನಿಲ್ಲಿಸಿದರು ಅಂತ ಫೋನ್ ಬಂದ ದಿನವೇ ಅದರ ಕೊನೆ.

ನಮ್ಮಲ್ಲಿ ಇದು ಇರಲೇ ಇಲ್ಲ ಅಂತಲ್ಲ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ನಲ್ಲಿ ಎಷ್ಟೋ ಕಂತುಗಳು ಒಂದೇ ದಿನಕ್ಕೆ ಮುಗಿಯುವ ಕಥೆಗಳೇ. ಊರು ಒಂದೇ, ಜನ ಬೇರೆ ಬೇರೆ. ಅದು ದೂರದರ್ಶನದ ಕಾಲ. ದಿನದಿನದ ರೇಟಿಂಗ್ ನೋಡಿ ಕಥೆ ತಿರುಗಿಸುವ ಕಾಲ ಇನ್ನೂ ಬಂದಿರಲಿಲ್ಲ.

ಬ್ರಿಟನ್ನಿನಲ್ಲೂ ಮಧ್ಯಾಹ್ನ ಈಗ ತೆಳುವಾಗಿದೆ. ಬರ್ಮಿಂಗ್‌ಹ್ಯಾಮ್‌ನಲ್ಲಿ 2000ದಿಂದ ನಡೆಯುತ್ತಿದ್ದ ‘ಡಾಕ್ಟರ್ಸ್’ 2024ರ ನವೆಂಬರ್‌ನಲ್ಲಿ ನಿಂತಿತು. ಅದು ಅರ್ಧ ಸೀರಿಯಲ್, ಅರ್ಧ ಬಿಡಿ ಕಥೆ: ಡಾಕ್ಟರುಗಳು ಅವರೇ, ಪೇಷೆಂಟಿನ ಕಥೆ ಮಾತ್ರ ಅವತ್ತಿಗವತ್ತೇ ಮುಗಿಯೋದು. ನಾಟಕ ತಯಾರಿಸುವ ಖರ್ಚು ಏರಿದ್ದೇ ಕಾರಣ ಅಂತ ಬಿಬಿಸಿ ಹೇಳಿತು. ಬಿಡಿ ನಾಟಕಕ್ಕಂತೂ ಆ ಖರ್ಚು ಇನ್ನೂ ಜಾಸ್ತಿ ಬಡಿಯುತ್ತದೆ. ಸೀರಿಯಲ್‌ಗೆ ಒಮ್ಮೆ ಸೆಟ್ ಹಾಕಿದರೆ ಸಾವಿರ ಎಪಿಸೋಡ್ ತೆಗೆಯಬಹುದು. ಇಲ್ಲಿ ಪ್ರತಿಯೊಂದಕ್ಕೂ ಹೊಸ ಮನೆ, ಹೊಸ ಬಟ್ಟೆ, ಹೊಸ ನಟರು, ಹೊಸದಾಗಿ ಪ್ರಚಾರ. ನೋಡುವವರನ್ನೂ ದಿನಾ ಹೊಸದಾಗಿ ಕರೆತರಬೇಕು.

ಆ ಚಳಿಗಾಲ ಮುಗಿದು ಅಮ್ಮ ಊರಿಗೆ ಬಂದಳು. ಒಂದು ಸಂಜೆ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದಳು. ಎದುರಿಗೆ ನನ್ನದೇ ಸೀರಿಯಲ್ ಓಡುತ್ತಿತ್ತು, ಅದೇ ಕಾಗದದ್ದು.

“ಆ ಸೋಮವಾರದ ಹೆಂಗಸು ಆಮೇಲೆ ಏನಾದ್ಲೋ?” ಅಂದಳು.

“ಏನೂ ಇಲ್ಲಮ್ಮ, ಕಥೆ ಅಲ್ಲಿಗೇ ಮುಗೀತು.”

“ಅವರಿಗೆ ಮುಗೀತು” ಅಂದಳು. ಕಾಯಿ ಮುರಿಯುತ್ತಲೇ ಶುರು ಮಾಡಿದಳು. ಆ ಹೆಂಗಸು ಅದೇ ಊರಿನ ಆಚೆ ತುದಿಯಲ್ಲಿ ಒಂದು ಕೋಣೆ ಹಿಡಿದಳಂತೆ. ಮಗಳು ಮೊದಲು ಸಿಟ್ಟು ಮಾಡಿದಳಂತೆ, ಆಮೇಲೆ ಭಾನುವಾರ ಭಾನುವಾರ ಬರೋಕೆ ಶುರು ಮಾಡಿದಳಂತೆ. ಟಿ.ವಿ.ಯಲ್ಲಿ ಸೊಸೆ ಕಾಗದ ಕೈಗೆತ್ತಿಕೊಂಡಳು. ಅಮ್ಮ ಆ ಕಡೆ ನೋಡಲೂ ಇಲ್ಲ.