ಗುಕ್‌ಬಾಪ್ ಅಂದರೆ ಬರೀ ಸಾರನ್ನ ಅಲ್ಲ

ಕೊರಿಯನ್ ಭಾಷೆಯಲ್ಲಿ 'ಗುಕ್' ಅಂದರೆ ಸಾರು, 'ಬಾಪ್' ಅಂದರೆ ಅನ್ನ. ಎರಡೂ ಸೇರಿ ಗುಕ್‌ಬಾಪ್. ನಾವು 'ಸಾರನ್ನ' ಅನ್ನುತ್ತೇವಲ್ಲ, ಪದಗಳ ಕ್ರಮ ಕೂಡ ಅದೇ. ಮೊದಲಿಗೆ 'ದ್ವೇಜಿ' ಸೇರಿ 'ದ್ವೇಜಿ ಗುಕ್‌ಬಾಪ್' ಆದರೆ ಹಂದಿಮಾಂಸದ್ದು. ದಕ್ಷಿಣ ಕೊರಿಯಾದ ಬಂದರು ನಗರ ಬೂಸಾನ್‌ನಲ್ಲಿ ಇದೇ ದಿನನಿತ್ಯದ ಹೋಟೆಲ್ ಊಟ. ಅಲ್ಲಿನ ಸೊಮ್ಯೊನ್ ಎಂಬ ಪೇಟೆಯಲ್ಲಿ ಇದಕ್ಕೇ ಹೆಸರಾದ ಒಂದು ಗಲ್ಲಿ ಇದೆ. ಬಾಗಿಲಲ್ಲೇ ದೊಡ್ಡ ಹಂಡೆ, ಅದರ ಮೇಲೆ ಹಬೆ.

ಮೊದಲ ಸಲ ತಿಂದಾಗ ನನಗೆ ಸಿಟ್ಟೇ ಬಂತು. ಕಪ್ಪು ಮಣ್ಣಿನ ಬಟ್ಟಲಲ್ಲಿ ಹಾಲಿನಂಥ ಬಿಳಿ ಸಾರು ಕುದಿಯುತ್ತಾ ಬಂತು. ತೆಳುವಾಗಿ ಹೆಚ್ಚಿದ ಮಾಂಸ, ಮೇಲೆ ಈರುಳ್ಳಿ ಸೊಪ್ಪು. ಒಂದು ಚಮಚ ಬಾಯಿಗಿಟ್ಟೆ. ಸಪ್ಪೆ! ಉಪ್ಪು ಹಾಕೋದನ್ನೇ ಮರೆತಿದ್ದಾರೆ ಅಂದುಕೊಂಡು ಸುಮ್ನೆ ಅರ್ಧ ಬಟ್ಟಲು ಕುಡಿದೆ. ಆಮೇಲೆ ಪಕ್ಕದ ಟೇಬಲ್ ನೋಡಿದಾಗ ಗೊತ್ತಾಯಿತು. ಮರೆತದ್ದು ಅಡುಗೆಯವರಲ್ಲ, ನಾನು.

ಗುಕ್‌ಬಾಪ್ ಎಂಬ ಪದದ ಗುಟ್ಟು ಇರೋದು ಇಲ್ಲೇ. ಅಡುಗೆಮನೆಯಿಂದ ಬರುವುದು ಮುಕ್ಕಾಲು ಅಡುಗೆ. ಉಳಿದ ಕಾಲು ಭಾಗ ಉಣ್ಣುವವನ ಕೆಲಸ. ಅದಕ್ಕೇ ಟೇಬಲ್ ಮೇಲೆ ಅಷ್ಟೊಂದು ಪುಟ್ಟ ತಟ್ಟೆಗಳು. ಪಕ್ಕದ ಟೇಬಲ್ಲಿನ ಅಜ್ಜ ಮೊದಲು 'ಸೆಯುಜೊತ್' ಹಾಕಿದರು. ಅಂದರೆ ಉಪ್ಪಿನಲ್ಲಿ ಹುದುಗು ಬರಿಸಿದ ಪುಟಾಣಿ ಸಿಗಡಿ. ಉಪ್ಪಿನ ಜಾಗದಲ್ಲಿ ಅದೇ. ಹಂದಿಮಾಂಸ ಅರಗೋದಕ್ಕೆ ಅದು ಒಳ್ಳೇದು ಅಂತ ಅಲ್ಲಿ ನಂಬಿಕೆ. ಸ್ವಲ್ಪ ಹಾಕಿ, ಕಲಕಿ, ರುಚಿ ನೋಡಿ, ಮತ್ತೆ ಸ್ವಲ್ಪ ಹಾಕಿದರು. ಆಮೇಲೆ ಕೆಂಪು ಮೆಣಸಿನ ಮಸಾಲೆ 'ದಾದೇಗಿ' ಅರ್ಧ ಚಮಚ. ಕೊನೆಗೆ ಖಾರದ ಪುಡಿಯಲ್ಲಿ ಕಲಸಿದ ಹಸಿ ಸೊಪ್ಪನ್ನು ಒಂದು ಹಿಡಿ ತುಂಬ ಎತ್ತಿ ಸಾರಿಗೆ ಮುಳುಗಿಸಿದರು. ನೋಡಲು ಹುಲ್ಲಿನಂತಿರುವ, ಬೆಳ್ಳುಳ್ಳಿ ವಾಸನೆಯ ಸೊಪ್ಪು ಅದು. ಪುಸ್ತಕದ ಕೊರಿಯನ್‌ನಲ್ಲಿ ಅದಕ್ಕೆ 'ಬುಚು' ಅಂತ ಹೆಸರು, ಬೂಸಾನ್ ಕಡೆಯವರ ಬಾಯಲ್ಲಿ 'ಜೊಂಗ್‌ಗುಜಿ'. ಬಿಳಿ ಸಾರು ಕಣ್ಣೆದುರೇ ಕೆಂಪಗಾಯಿತು.

ಸಾರಿಗೆ ಅನ್ನ ಹಾಕುವುದಕ್ಕೇ ಅವರಲ್ಲಿ ಒಂದು ಪ್ರತ್ಯೇಕ ಕ್ರಿಯಾಪದ ಇದೆ: 'ಮಾಲ್ದಾ'. ನಮ್ಮ 'ಕಲಸು' ಹತ್ತಿರ ಬರುತ್ತದೆ, ಆದರೆ ನಾವು ಮೊಸರನ್ನೂ ಕಲಸುತ್ತೇವೆ, ಹಿಟ್ಟನ್ನೂ ಕಲಸುತ್ತೇವೆ. ಅವರದು ಅನ್ನ ಅಥವಾ ಶಾವಿಗೆಯಂಥದ್ದನ್ನು ಸಾರಿಗೋ ನೀರಿಗೋ ಹಾಕುವುದಕ್ಕೆ ಮಾತ್ರ. ತಮಾಷೆ ಅಂದರೆ, 'ಹಾಗೆ ಹಾಕಿಕೊಂಡು ತಿಂದ' ಅನ್ನುವ ಮಾತಿಗೆ 'ಇದ್ದಬದ್ದ ಆಸ್ತಿ ಕಳೆದ' ಅಂತಲೂ ಅರ್ಥ ಇದೆ. ನಮ್ಮಲ್ಲಿ 'ತಿಂದು ತೇಗಿದ' ಅಂತೀವಲ್ಲ, ಹಾಗೆ.

ಅನ್ನ ಹಾಕುವ ಹಳೆಯ ರೀತಿ 'ತೊರ್ಯೊಮ್'. ಬಟ್ಟಲಲ್ಲಿ ತಣ್ಣಗಿನ ಅನ್ನ. ಅದರ ಮೇಲೆ ಕುದಿಯುವ ಸಾರು ಸುರಿದು, ಸೌಟಿನಿಂದ ಅನ್ನ ಒತ್ತಿಹಿಡಿದು ಸಾರನ್ನು ಮತ್ತೆ ಹಂಡೆಗೆ ಬಸಿಯುತ್ತಾರೆ. ಹೀಗೇ ಹಲವು ಸಲ. ಅನ್ನ ಬಿಸಿ ಇಡುವ ಕುಕ್ಕರ್ ಇಲ್ಲದ ಕಾಲದ ಉಪಾಯ ಇದು. ಅಗುಳಿನೊಳಗೆ ಸಾರು ಇಳಿಯುತ್ತದೆ, ಅನ್ನ ಮುದ್ದೆಯಾಗುವುದಿಲ್ಲ, ಬಾಯಿ ಸುಡುವಷ್ಟು ಬಿಸಿಯೂ ಇರುವುದಿಲ್ಲ. ಈಗ ಹೆಚ್ಚು ಕಡೆ ಮುಚ್ಚಳ ಇರುವ ಸ್ಟೀಲ್ ಬಟ್ಟಲಲ್ಲಿ ಅನ್ನ ಬೇರೆ ಬರುತ್ತದೆ. ಇದಕ್ಕೆ 'ತಾರೊ ಗುಕ್‌ಬಾಪ್' ಎನ್ನುತ್ತಾರೆ, 'ತಾರೊ' ಅಂದರೆ ಬೇರೆ. ಸಾರನ್ನ ಅಂತ ಹೆಸರಿಟ್ಟು ಎರಡನ್ನೂ ಬೇರೆ ಮಾಡಿ ಕೊಡೋದು ವಿಚಿತ್ರ ಅಲ್ವಾ? ಆದರೂ ಮೊದಲು ಸಾರಿನ ರುಚಿಯನ್ನಷ್ಟೇ ನೋಡಬೇಕು ಅನ್ನುವವರಿಗೆ ಇದೇ ಸರಿ.

ಗುಕ್‌ಬಾಪ್ ಎಲ್ಲಾ ಹಂದಿಯದ್ದೇ ಅಲ್ಲ. ದೇಗು ಊರಿನದ್ದು ದನದ ಮಾಂಸದ್ದು, ಜೊಂಜು ಊರಿನದ್ದು ಮೊಳಕೆ ಕಾಳಿನದ್ದು. ಬೂಸಾನ್‌ಗೆ ಹಂದಿ ಹೇಗೆ ಅಂಟಿಕೊಂಡಿತು ಅನ್ನುವುದಕ್ಕೆ ಅಲ್ಲಿನವರು ಯುದ್ಧದ ಕಡೆ ಕೈ ತೋರಿಸುತ್ತಾರೆ. 1950ರಿಂದ 1953ರ ಕೊರಿಯಾ ಯುದ್ಧದಲ್ಲಿ ಬೂಸಾನ್ ತಾತ್ಕಾಲಿಕ ರಾಜಧಾನಿಯಾಗಿತ್ತು. ಉತ್ತರದಿಂದ ಓಡಿಬಂದ ಜನ ಅಲ್ಲಿ ತುಂಬಿಕೊಂಡಿದ್ದರು. ದನದ ಮಾಂಸ ಕೊಳ್ಳುವ ಶಕ್ತಿ ಇರಲಿಲ್ಲ. ಅಗ್ಗಕ್ಕೆ ಸಿಗುತ್ತಿದ್ದ ಹಂದಿಯ ಮೂಳೆ, ತಲೆ ಬೇಯಿಸಿ ಸಾರು ಮಾಡಿದರು ಅನ್ನುವುದು ಕಥೆ. ಹತ್ತಿರದ ಮಿರ್ಯಾಂಗ್ ಊರಿನವರು ಇದನ್ನು ಒಪ್ಪುವುದಿಲ್ಲ, ನಮ್ಮದು ಯುದ್ಧಕ್ಕಿಂತ ಹಳೆಯದು ಅನ್ನುತ್ತಾರೆ. ಊಟದ ಮೂಲ ಯಾವ ಊರಲ್ಲಿ ಜಗಳವಿಲ್ಲದೆ ತೀರ್ಮಾನ ಆಗಿದೆ ಹೇಳಿ! ಮೂಳೆಯನ್ನು ಗಂಟೆಗಟ್ಟಲೆ ಜೋರಾಗಿ ಕುದಿಸಿದರೆ ಸಾರು ಬಿಳಿ, ಬರೀ ಮಾಂಸ ಬೇಯಿಸಿದರೆ ತಿಳಿ. ಎರಡೂ ನಡೆಯುತ್ತದೆ.

ಹೋದರೆ ಇಷ್ಟು ಗೊತ್ತಿರಲಿ. ಗೋಡೆಯ ಮೇಲಿನ ಪಟ್ಟಿಯಲ್ಲಿ 'ಸೊಕ್ಕೊ' ಅಂತಿದ್ದರೆ ಮಾಂಸದ ಜೊತೆ ಕರುಳು ಗಿರುಳು ಕೂಡ ಸೇರಿಸಿದ್ದು. ಬಡಿಸುವ ಹೆಂಗಸನ್ನು 'ಇಮೊ' ಅಂತ ಕರೆಯುವುದುಂಟು. ಅಂದರೆ ತಾಯಿಯ ಅಕ್ಕ ಅಥವಾ ತಂಗಿ. ಸೊಪ್ಪು, ಮೂಲಂಗಿ ಕಿಮ್ಚಿ (ಹುದುಗು ಬರಿಸಿದ ಖಾರದ ಮೂಲಂಗಿ) ಮುಗಿದರೆ ಮತ್ತೆ ಕೇಳಬಹುದು, ದುಡ್ಡಿಲ್ಲ. ಬಟ್ಟಲು ಎತ್ತಿ ಕುಡಿಯಬೇಡಿ, ಚಮಚವೇ ಸಾಕು. ಟಿಪ್ಸ್ ಕೊಡುವ ರೂಢಿ ಇಲ್ಲ.

ಇನ್ನೊಂದು ಪದ ಕಿವಿಗೆ ಬೀಳದೆ ಇರದು. ಅಜ್ಜ ಹಣೆಯ ಬೆವರು ಒರೆಸಿಕೊಂಡು, ಕೊನೆಯ ಚಮಚ ಬಿಸಿ ಸಾರು ನುಂಗಿ, 'ಶಿವೊನ್‌ಹಾದಾ' ಅಂದರು. ನಿಘಂಟಿನಲ್ಲಿ ನೋಡಿದರೆ ಅದಕ್ಕೆ 'ತಂಪಾಗಿದೆ' ಅಂತ ಅರ್ಥ. ಕುದಿಯುವ ಸಾರಿಗೆ ತಂಪು ಅನ್ನುವುದೇ ಅಂತ ಬೇರೆ ದೇಶದವರು ತಲೆ ಕೆರೆದುಕೊಳ್ಳುತ್ತಾರಂತೆ. ಬಿಸಿ ಬಿಸಿ ಉಂಡು 'ಹೊಟ್ಟೆ ತಣ್ಣಗಾಯ್ತು' ಅನ್ನುವ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.